ಎಡಗೆನ್ನೆಯ ಬಂಗು

ಆಕೆಗೆ ಬ್ರೇಕಕ್ಕ ಎಂಬ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಗಾಬರಿಬಿದ್ದು ಆಕ್ಸಿಲರೇಟರನ್ನೇ ಬ್ರೇಕ್ ಅಂದುಕೊಂಡು ತುಳಿದುಬಿಟ್ಟರೆ, ಎಡಗಡೆ ಕೂತವರೇ ಗಾಡಿ ನಿಲ್ಲಿಸಬೇಕು. ಉಳಿದ ಮೇಷ್ಟ್ರುಗಳು ಅಂಥ ಹೊತ್ತಿನಲ್ಲಿ ಕೂಗಾಡಿ ರಸ್ತೆಯವರನ್ನೆಲ್ಲ ಸೇರಿಸಿಬಿಡುತ್ತಿದ್ದರು. ಆಕೆ ಮಾತ್ರ ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ ಬ್ರೇಕ್ ಒತ್ತಿ, "ನಿಂತಾಯ್ತಲ್ಲ. ಮೊದಲು ಉಸಿರು ಬಿಡಿ, ಆಮೇಲೆ ಕ್ಲಚ್ ಬಿಡಿ" ಅನ್ನುತ್ತಿದ್ದಳು. ಹೆಂಗಸರಿಗೆ ಕಲಿಸಲೆಂದು ಶಾಲೆಯ ಮಾಲೀಕರು ಅವಳನ್ನು ಸೇರಿಸಿಕೊಂಡಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಗಂಡಸರೂ "ನಮಗೆ ಬ್ರೇಕಕ್ಕನೇ ಆಗಬೇಕು" ಎಂದು ಹಟ ಹಿಡಿಯತೊಡಗಿದರು.

ವಯಸ್ಸು ನಲವತ್ತರ ಹತ್ತಿರ. ಅಗಲವಾದ ಹಣೆ, ಗಟ್ಟಿ ದನಿ, ಎಣ್ಣೆಗಪ್ಪು ಮೈಬಣ್ಣ. ಆ ಬಣ್ಣದ ಬಗ್ಗೆ ಅವಳಿಗೆ ಹೆಮ್ಮೆಯೂ ಇರಲಿಲ್ಲ, ಕೊರಗೂ ಇರಲಿಲ್ಲ. ಹುಟ್ಟಿದಾಗಿನಿಂದ ಜೊತೆಗಿದ್ದದ್ದು, ಅಷ್ಟೇ. ಕನ್ನಡಿ ಎಂದರೆ ಅವಳ ಪಾಲಿಗೆ ಹಿಂದೆ ಬರುವ ಗಾಡಿ ನೋಡುವ ಸಾಮಾನು.

ಹಾಗಾಗಿ ಮುಖದ ಮೇಲಿನ ಕಲೆಯನ್ನು ಮೊದಲು ಕಂಡವಳು ಅವಳಲ್ಲ. ಕಾರು ಕಲಿಯಲು ಬರುತ್ತಿದ್ದ ಒಬ್ಬ ನಿವೃತ್ತ ಕ್ಯಾಷಿಯರ್, ಮಹಾ ಶಿಸ್ತಿನ ಮನುಷ್ಯ, ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತಾಗ, ಅವಳು ಪೂರ್ತಿ ತಮ್ಮ ಕಡೆ ತಿರುಗಿದ್ದು ನೋಡಿ, "ಮೇಡಂ, ಕೆನ್ನೆ ಮೇಲೆ ಗ್ರೀಸ್ ಹತ್ತಿದೆ" ಎಂದರು.

ಅವಳು ಕರವಸ್ತ್ರ ತೆಗೆದು ಒರೆಸಿಕೊಂಡಳು. "ಹೋಯ್ತಾ?"

"ಇಲ್ಲ. ಇನ್ನೂ ಸ್ವಲ್ಪ ಮೇಲೆ."

ಮತ್ತೆ ಒರೆಸಿಕೊಂಡಳು. ಕ್ಯಾಷಿಯರ್ ತಲೆ ಅಲ್ಲಾಡಿಸಿದರು. ಅಷ್ಟರಲ್ಲಿ ಹಸಿರು ದೀಪ ಬಂತು, ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. "ಗ್ರೀಸ್ ಆಮೇಲೆ ನೋಡೋಣ ಸಾರ್, ನೀವು ಗೇರ್ ಹಾಕಿ" ಎಂದಳು.

ಮಧ್ಯಾಹ್ನ ಮನೆಗೆ ಬಂದು ಸೋಪು ಹಾಕಿ ಉಜ್ಜಿದರೂ ಗ್ರೀಸ್ ಹೋಗಲಿಲ್ಲ. ಬಚ್ಚಲುಮನೆಯ ಕನ್ನಡಿಯನ್ನು ಮೊಳೆಯಿಂದ ಬಿಡಿಸಿ ಬೆಳಕಿಗೆ ತಂದು ನೋಡಿದಳು. ಎಡಗೆನ್ನೆಯ ಮೂಳೆಯ ಮೇಲೆ ಎರಡು ಬೆರಳಗಲದ ಕಂದುಗಪ್ಪು ಕಲೆ. ಅಂಚು ನೆಟ್ಟಗಿಲ್ಲ, ನೀರು ಒಣಗಿದ ಗುರುತಿನ ಹಾಗೆ ಅಂಕುಡೊಂಕು. ಮೇಲ್ತುಟಿಯ ಮೇಲೂ ತೆಳುವಾಗಿ ಹಬ್ಬಿತ್ತು. ಬಲಗೆನ್ನೆಯಲ್ಲೂ ಇತ್ತು, ಆದರೆ ಹುಡುಕಿದರೆ ಮಾತ್ರ ಕಾಣುವಷ್ಟು.

ಅವಳ ಅತ್ತೆ ಒಂದೇ ನೋಟಕ್ಕೆ, "ಬಂಗು ಕಣೇ ಅದು" ಎಂದು ತೀರ್ಪು ಕೊಟ್ಟರು. "ನಿಮ್ಮಮ್ಮನಿಗೂ ಇತ್ತು. ಮದುವೆ ಮಾತಾಡೋಕೆ ಬಂದಾಗಲೇ ನೋಡಿದ್ದೆ. ನಿಂಬೆಹಣ್ಣು ಉಜ್ಜು, ಹೋಗುತ್ತೆ."

ಗಂಡನನ್ನು ಕೇಳಿದಳು. ಅವನು ಫ್ರಿಜ್ ರಿಪೇರಿ ಮಾಡುವವನು. ಯಂತ್ರದ ಸಣ್ಣ ಗುಂಯ್ ಶಬ್ದದಲ್ಲೇ ರೋಗ ಹಿಡಿಯುತ್ತಿದ್ದ. "ನನಗೇನೂ ಕಾಣ್ತಿಲ್ಲಪ್ಪ" ಎಂದ.

"ಕಿಟಕಿಗೆ ಹೊಸ ಪರದೆ ಹಾಕಿ ಒಂದು ತಿಂಗಳಾದರೂ ನಿಮಗೆ ಕಾಣಿಸಿರಲಿಲ್ಲ" ಎಂದಳು.

ನಿಂಬೆಹಣ್ಣು ಉಜ್ಜಿದಳು. ಉರಿಯಿತು, ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ ಎಂದು ಅತ್ತೆ ಧೈರ್ಯ ತುಂಬಿದರು. ಮಾರನೆಯ ದಿನ ಕೆನ್ನೆ ಕೆಂಪಗೆ ಊದಿ, ಸಿಪ್ಪೆ ಎದ್ದು, ಅದು ಉದುರಿದ ಮೇಲೆ ಕಲೆ ಮೊದಲಿಗಿಂತ ಗಾಢವಾಗಿ ಕೂತಿತು. ಪಕ್ಕದ ಮನೆಯವಳು ಆಲೂಗಡ್ಡೆ ಹೇಳಿದಳು, ಎದುರುಮನೆಯವಳು ಇನ್ನೇನೋ ಹೇಳಿದಳು. ಊರಿಗೆಲ್ಲ ಅವಳ ಕೆನ್ನೆಯೇ ಒಂದು ಮಾತಾಯಿತು. ಯಾರು ಏನಂದರೂ ನಕ್ಕು ಸುಮ್ಮನಾಗುತ್ತಿದ್ದವಳಿಗೆ, ಕಾರಿನಲ್ಲಿ ಪಕ್ಕದವರು ತಿರುಗಿ ಮಾತಾಡಿಸಿದಾಗ ಮಾತ್ರ ಕೈ ತಾನಾಗಿ ಕೆನ್ನೆಗೆ ಹೋಗುತ್ತಿತ್ತು. ಅದು ಅವಳಿಗೆ ಸರಿಬರಲಿಲ್ಲ. ಕೈ ಎರಡೂ ಸ್ಟಿಯರಿಂಗಿನ ಹತ್ತಿರ ಇರಬೇಕಾದ ಕೆಲಸ ಅದು.

ಆಗ ಪುಟ್ಟಿ ಬಂದಳು. ಪುಟ್ಟಿ ಎಂದರೆ ನಾದಿನಿ, ಗಂಡನ ತಂಗಿ. ಇನ್ನೂ ಮದುವೆಯಾಗಿರಲಿಲ್ಲ, ಅದೇ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತಿದ್ದಳು. ಬ್ರೇಕಕ್ಕ ಸೊಸೆಯಾಗಿ ಬಂದಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಜಡೆ ಹಾಕಿ, ಲೆಕ್ಕ ಹೇಳಿಕೊಟ್ಟು, ಅಮ್ಮನ ಬೈಗುಳದಿಂದ ಕಾಪಾಡಿ ಬೆಳೆಸಿದ್ದು ಅತ್ತಿಗೆಯೇ. ಈಗ ಪುಟ್ಟಿ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಅಡುಗೆಮನೆಗೆ ಬಂದು, ಬ್ಯಾಗಿನಿಂದ ಒಂದು ಪುಟ್ಟ ಬಿಳಿ ಡಬ್ಬಿ ತೆಗೆದು ಅತ್ತಿಗೆಯ ಅಂಗೈಯಲ್ಲಿಟ್ಟಳು. ಅದರ ಮೇಲೆ ಹೆಸರಿಲ್ಲ, ಚೀಟಿಯಿಲ್ಲ.

"ಏನೇ ಇದು?"

"ನಮ್ಮ ಪಾರ್ಲರ್ ಕ್ರೀಮು. ನಮ್ಮ ಮೇಡಂ ತರಿಸಿ, ಕಲೆಸಿ, ಡಬ್ಬಿಗೆ ತುಂಬಿಸ್ತಾರೆ. ರಾತ್ರಿ ಹಚ್ಚಿ ಮಲಗಿ ಅತ್ತಿಗೆ. ಆಮೇಲೆ ನನ್ನನ್ನ ನೆನೆಸ್ಕೊಳ್ಳಿ."

ನೆನೆಸಿಕೊಳ್ಳುವ ಹಾಗೆಯೇ ಆಯಿತು. ಎರಡು ವಾರಕ್ಕೆ ಕಲೆ ಮಾಸಿತು. ಒಂದು ತಿಂಗಳಿಗೆ ಕಲೆಯಷ್ಟೇ ಅಲ್ಲ, ಮುಖಕ್ಕೆ ಮುಖವೇ ಹೊಸದಾದಂತೆ ಹೊಳೆಯತೊಡಗಿತು. ಕ್ಯಾಷಿಯರ್ ಕೂಡ, "ಗ್ರೀಸ್ ಹೋಯ್ತು ಮೇಡಂ" ಎಂದು ಒಪ್ಪಿಗೆ ಕೊಟ್ಟರು. ಬ್ರೇಕಕ್ಕನಿಗೆ ಖುಷಿಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಕಾರು ಹತ್ತುವ ಮುಂಚೆ ಕಿಟಕಿಯ ಗಾಜಿನಲ್ಲಿ ಒಮ್ಮೆ ನೋಡಿಕೊಳ್ಳುವ ಅಭ್ಯಾಸ ಆಗ ಶುರುವಾಯಿತು. ಕೇಳಿದ ಹೆಂಗಸರಿಗೆಲ್ಲ ನಾದಿನಿಯ ಪಾರ್ಲರಿನ ವಿಳಾಸ ಕೊಟ್ಟಳು.

ಬೇಸಿಗೆ ಏರಿದ ಹಾಗೆ ಕಥೆ ತಿರುಗಿತು. ಬಿಸಿಲಿಗೆ ಹೋದರೆ ಮುಖ ಕಾದ ಹೆಂಚಿನಂತಾಗುತ್ತಿತ್ತು. ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ, ಒಳಗಿನ ಕೆಂಪು ನರಗಳು ಎಳೆ ಎಳೆಯಾಗಿ ಕಂಡವು. ಗಲ್ಲದ ತುಂಬ ಹದಿನಾರರ ಹುಡುಗಿಯ ಹಾಗೆ ಮೊಡವೆ ಎದ್ದವು. ಕ್ರೀಮು ಬಿಟ್ಟು ನೋಡಿದಳು. ಮೂರನೆಯ ದಿನಕ್ಕೆ ಮುಖ ಊದಿ, ತುರಿಸಿ, ಕಣ್ಣು ಬಿಡುವುದೂ ಕಷ್ಟವಾಯಿತು. ಮತ್ತೆ ಹಚ್ಚಿದಳು, ಒಂದೇ ರಾತ್ರಿಗೆ ತಣ್ಣಗಾಯಿತು. ಹಾಗೆ ತಣ್ಣಗಾದದ್ದೇ ಅವಳನ್ನು ಹೆದರಿಸಿತು. ಇದು ಔಷಧಿಯಲ್ಲ, ತನ್ನ ಕೊರಳಿಗೆ ಬಿದ್ದ ಹಗ್ಗ ಎಂದು ಅವಳಿಗೆ ಅನ್ನಿಸಿಹೋಯಿತು.

ಬೆಳಿಗ್ಗೆ ಗಂಡ ತಿಂಡಿ ತಿನ್ನುತ್ತಿದ್ದಾಗ ಕೇಳಿದಳು: "ಫ್ರಿಜ್ ಕೆಟ್ಟರೆ ಜನ ಪಕ್ಕದ ಮನೆಯವರನ್ನ ಕೇಳ್ತಾರಾ, ನಿಮ್ಮನ್ನ ಕರೀತಾರಾ?"

"ಮೊದಲು ಪಕ್ಕದ ಮನೆಯವರನ್ನೇ ಕೇಳ್ತಾರೆ. ಪೂರ್ತಿ ಕೆಡಿಸ್ಕೊಂಡ ಮೇಲೆ ನನ್ನನ್ನ ಕರೀತಾರೆ."

"ನಾನೂ ಹಾಗೇ ಮಾಡಿದ್ದೀನಿ. ಇವತ್ತು ಚರ್ಮದ ಡಾಕ್ಟರ್ ಹತ್ತಿರ ಹೋಗ್ತೀನಿ."

ಡಾಕ್ಟರ್ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಕನ್ನಡಕ ತಲೆಯ ಮೇಲಿಟ್ಟುಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವವರು. ಡಬ್ಬಿ ತೆರೆದು ಮೂಸಿದರು. ತಿರುಗಿಸಿ ಬುಡ ನೋಡಿದರು.

"ಒಳಗೇನಿದೆ ಅಂತ ಎಲ್ಲೂ ಬರೆದಿಲ್ಲ. ಇಂಥದ್ದನ್ನ ಮುಖಕ್ಕೆ ಹಚ್ಚೋಕೆ ಧೈರ್ಯ ಬೇಕಮ್ಮ."

"ಧೈರ್ಯಕ್ಕೇನೂ ಕಮ್ಮಿ ಇಲ್ಲ ಡಾಕ್ಟ್ರೇ. ಬುದ್ಧಿ ಸ್ವಲ್ಪ ಕೈಕೊಟ್ಟಿತು."

ಡಾಕ್ಟರ್ ನಕ್ಕರು. ದೀಪವಿದ್ದ ಭೂತಗನ್ನಡಿ ಹಿಡಿದು ಮುಖದ ಮೇಲೆ ಇಂಚಿಂಚೂ ಓಡಾಡಿದರು. "ಇದರಲ್ಲಿ ಸ್ಟೀರಾಯ್ಡ್ ಇರಬೇಕು. ನಿಮ್ಮ ಚರ್ಮವೇ ಹೇಳ್ತಿದೆ. ಮೊದಮೊದಲು ಪವಾಡ ಮಾಡಿದ ಹಾಗೆ ಕಾಣುತ್ತೆ, ಆಮೇಲೆ ಚರ್ಮಾನ ತಿಂದುಹಾಕುತ್ತೆ. ಏನು ಕೆಲಸ ಮಾಡ್ತೀರಿ?"

"ಡ್ರೈವಿಂಗ್ ಹೇಳಿಕೊಡ್ತೀನಿ."

"ಯಾವ ಕಡೆ ಕೂರ್ತೀರಿ?"

"ಎಡಗಡೆ. ಬೆಳಿಗ್ಗೆಯಿಂದ ಸಂಜೆವರೆಗೂ."

ಡಾಕ್ಟರ್ ಅವಳ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು. "ಕಿಟಕಿ ಪಕ್ಕದ ಕೆನ್ನೆಯೇ ಹೆಚ್ಚು ಕಪ್ಪಾಗಿದೆ. ನೋಡಿದ್ದೀರಾ?"

ಬ್ರೇಕಕ್ಕ ಎಡಗೆನ್ನೆ ಮುಟ್ಟಿ ನೋಡಿಕೊಂಡಳು. ಇಷ್ಟು ವರ್ಷ ಅದೇ ಸೀಟಿನಲ್ಲಿ ಕೂತೂ ಅದು ತಲೆಗೆ ಹೊಳೆದಿರಲಿಲ್ಲ. "ಗಾಜು ಏರಿಸಿಕೊಂಡೇ ಇರ್ತೀವಲ್ಲ ಡಾಕ್ಟ್ರೇ?"

"ಚರ್ಮ ಸುಡೋ ಕಿರಣಾನ ಗಾಜು ತಡೆಯುತ್ತೆ. ಕಪ್ಪು ಮಾಡೋದು ಬೇರೆ ಕಿರಣ. ಅದರಲ್ಲಿ ಎಷ್ಟೋ ಪಾಲು ಬಾಗಿಲಿನ ಮಾಮೂಲಿ ಗಾಜು ದಾಟಿ ಒಳಗೆ ಬರುತ್ತೆ. ನಿಮಗೆ ಸುಡೋದಿಲ್ಲ, ಅದಕ್ಕೇ ಗೊತ್ತೂ ಆಗೋದಿಲ್ಲ."

ಆಮೇಲೆ ಒಂದೊಂದಾಗಿ ಕೇಳುತ್ತಾ ಹೋದರು. ತಾಯಿಗೆ ಇತ್ತೇ? ಇತ್ತು. ಯಾವುದಾದರೂ ಮಾತ್ರೆ? ಮುಟ್ಟು ಸರಿಹೋಗಲಿ ಎಂದು ಹಾರ್ಮೋನ್ ಮಾತ್ರೆ ನುಂಗುತ್ತಿದ್ದಳು. ಡಾಕ್ಟರ್ ಪೆನ್ನು ಕೆಳಗಿಟ್ಟರು. "ಚರ್ಮದಲ್ಲಿ ಬಣ್ಣ ತಯಾರು ಮಾಡೋ ಜೀವಕೋಶಗಳಿರ್ತವೆ. ಬಂಗು ಇರೋರಲ್ಲಿ ಅವಕ್ಕೆ ಕೆಲಸ ಮಾಡೋಕೆ ಒಂದು ನೆಪ ಸಾಕು. ಬಿಸಿಲು ಒಂದು ನೆಪ. ಒಲೆಯ ಝಳ ಒಂದು ನೆಪ. ಆ ಮಾತ್ರೇನೂ ಇರಬಹುದು. ನೀವಾಗೇ ನಿಲ್ಲಿಸೋಕೆ ಹೋಗಬೇಡಿ, ಮಾತ್ರೆ ಕೊಟ್ಟೋರ ಹತ್ತಿರ ಬೇರೆ ದಾರಿ ಇದೆಯಾ ಕೇಳಿ."

"ನಿಂಬೆಹಣ್ಣು?"

"ಅದೂ ಹಚ್ಚಿದ್ರಾ? ಉಜ್ಜಿ ಗಾಯ ಮಾಡಿದರೆ ಅದು ಇನ್ನೊಂದು ನೆಪ. ಗಾಯ ಆರಿದ ಜಾಗ ಇನ್ನಷ್ಟು ಕಪ್ಪಾಗುತ್ತೆ."

"ಡಾಕ್ಟ್ರೇ, ಒಂದು ಮಾತು. ನನಗೆ ಬೆಳ್ಳಗಾಗಬೇಕು ಅಂತ ಆಸೆ ಇಲ್ಲ. ನನ್ನ ಬಣ್ಣ ನನಗೆ ವಾಪಸ್ ಬೇಕು, ಅಷ್ಟೇ."

ಡಾಕ್ಟರ್ ಅವಳನ್ನು ಹೊಸದಾಗಿ ನೋಡಿದ ಹಾಗೆ ನೋಡಿದರು. "ಹಾಗಾದರೆ ನಿಮ್ಮ ಕೆಲಸ ಸುಲಭ. ಆದರೆ ಪೂರ್ತಿ ಅಳಿಸಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ತಿಳಿಯಾಗುತ್ತೆ, ಹಿಡಿತಕ್ಕೆ ಬರುತ್ತೆ. ಬಿಸಿಲಿನ ವಿಷಯದಲ್ಲಿ ಉಡಾಫೆ ಮಾಡಿದರೆ ಮತ್ತೆ ಬರುತ್ತೆ. ಮೊದಲು ಈ ಡಬ್ಬಿಯ ಕಾಟದಿಂದ ಚರ್ಮ ಸುಧಾರಿಸಬೇಕು. ಕಲೆಗೆ ಔಷಧಿ ಅದಾದ ಮೇಲೆ. ನಡುವೆ ಮುಖ ಕೆಂಪಾಗುತ್ತೆ, ಉರಿಯುತ್ತೆ, ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತೆ. ಹೆದರಿ ಮತ್ತೆ ಡಬ್ಬಿಗೆ ಕೈ ಹಾಕಬಾರದು. ಆಗುತ್ತಾ?"

"ಅಡ್ಡಾದಿಡ್ಡಿ ಓಡಿಸೋರ ಪಕ್ಕ ದಿನಾ ಕೂರ್ತೀನಿ ಡಾಕ್ಟ್ರೇ. ಇದೇನು ಮಹಾ."

ಆಸ್ಪತ್ರೆಯಿಂದ ನೇರವಾಗಿ ಪಾರ್ಲರಿಗೆ ಹೋದಳು. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಒದ್ದೆ ಟವೆಲ್ಲುಗಳು ಕುರ್ಚಿಗಳ ಬೆನ್ನಿನ ಮೇಲೆ ಒಣಗುತ್ತಿದ್ದವು. ಪುಟ್ಟಿ ಒಳಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಚಮಚದಿಂದ ಬಿಳಿ ಡಬ್ಬಿಗಳಿಗೆ ಕ್ರೀಮು ತುಂಬುತ್ತಿದ್ದಳು. ಅತ್ತಿಗೆ ನಿಂತುಕೊಂಡೇ ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದಳು.

ಪುಟ್ಟಿಯ ಮುಖ ಬಿಗಿಯಿತು. "ಚೆನ್ನಾಗಿದ್ದಾಗ ಹೊಗಳಿದ್ರಿ. ಈಗ ನಾನೇ ವಿಷ ಕೊಟ್ಟ ಹಾಗೆ ಮಾತಾಡ್ತಿದ್ದೀರಲ್ಲ ಅತ್ತಿಗೆ."

"ಹೊಗಳಿದೆ. ನಾಲ್ಕು ಜನರನ್ನ ಇಲ್ಲಿಗೆ ಕಳಿಸಿದೆ ಬೇರೆ. ಅವರ ಹತ್ತಿರ ಹೋಗಿ ಅದನ್ನ ಬಿಡಿಸೋದು ನನ್ನ ಕೆಲಸ. ನೀನು ಬೇಕಂತ ಕೊಟ್ಟಿಲ್ಲ, ನನಗೆ ಗೊತ್ತು." ಆಮೇಲೆ ನಾದಿನಿಯನ್ನೇ ದಿಟ್ಟಿಸಿ ನೋಡಿದಳು. ಪುಟ್ಟಿ ಮನೆಯಲ್ಲೂ ಬಣ್ಣ ಬಳಿದ ಮುಖದಲ್ಲೇ ಇರುತ್ತಾಳೆ, ಮಲಗುವಾಗಲೂ ತೊಳೆಯುವುದಿಲ್ಲ ಎಂದು ಅತ್ತೆ ಗೊಣಗುತ್ತಿದ್ದದ್ದು ನೆನಪಾಯಿತು. "ಪುಟ್ಟೀ, ಮುಖ ತೊಳಿ."

"ಯಾಕೆ?"

"ತೊಳಿ ಅಂದೆ."

ಪುಟ್ಟಿ ಕೈಯಲ್ಲಿದ್ದ ಡಬ್ಬಿ ತುಂಬಿಸಿ ಮುಚ್ಚಳ ಹಾಕಿದಳು. ಕೊನೆಗೆ ಎದ್ದು ಸಿಂಕಿನ ಮುಂದೆ ಬಗ್ಗಿ ತೊಳೆದುಕೊಂಡಳು. ಮೇಲೆದ್ದಾಗ ಬ್ರೇಕಕ್ಕ ಹತ್ತಿರ ಹೋಗಿ ನೋಡಿದಳು. ತನ್ನ ಮುಖದಲ್ಲಿದ್ದದ್ದೆಲ್ಲ ಅಲ್ಲಿ ಇಮ್ಮಡಿಯಾಗಿತ್ತು: ಕೆಂಪು ನರಗಳ ಬಲೆ, ಮೊಡವೆ, ತುಟಿಯ ಸುತ್ತ ಗುಳ್ಳೆ, ಹಣೆಯ ಅಂಚಿನಲ್ಲಿ ಕಪ್ಪು ಪಟ್ಟಿ.

"ಎರಡು ವರ್ಷದಿಂದ ಹಚ್ತಿದ್ದೀನಿ" ಎಂದಳು ಪುಟ್ಟಿ. "ಬಿಡೋಕೆ ನೋಡಿದೆ. ಮುಖ ಊದಿಕೊಂಡು ಬಂತು. ಅಂಥ ಮುಖ ಹೊತ್ತುಕೊಂಡು ಪಾರ್ಲರ್ ಬಾಗಿಲಲ್ಲಿ ನಿಂತರೆ ಯಾರು ಒಳಗೆ ಬರ್ತಾರೆ ಅತ್ತಿಗೆ? ಅದಕ್ಕೇ ಮತ್ತೆ ಹಚ್ಚಿದೆ. ಮೇಲೆ ಬಣ್ಣ ಬಳಿದೆ."

ಬ್ರೇಕಕ್ಕ ಒಣಗಿದ ಟವೆಲ್ಲೊಂದನ್ನು ಎಳೆದುಕೊಂಡು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಅವಳ ಮುಖವನ್ನು ಒತ್ತಿ ಒತ್ತಿ ಒರೆಸಿದಳು. "ನಾಳೆ ಡಾಕ್ಟರ್ ಹತ್ತಿರ ಇಬ್ಬರೂ ಹೋಗೋಣ. ಊದಿಕೊಂಡರೆ ಇಬ್ಬರದ್ದೂ ಊದಿಕೊಳ್ಳಲಿ. ಒಂದು ಮನೆಯಲ್ಲಿ ಎರಡು ಕೆಂಪು ಮುಖ ಇದ್ದರೆ ಜನಕ್ಕೂ ಬೇಗ ಅಭ್ಯಾಸ ಆಗುತ್ತೆ."

ಪುಟ್ಟಿ ಅಳುತ್ತಲೇ ನಕ್ಕಳು.

ಮುಂದಿನ ತಿಂಗಳುಗಳು ಡಾಕ್ಟರ್ ಹೇಳಿದ ಹಾಗೆಯೇ ಕಳೆದವು. ಇಬ್ಬರಿಗೂ ಉರಿ ಎದ್ದಿತು. ತಣ್ಣೀರಿನ ಬಟ್ಟೆ, ವಾಸನೆಯಿಲ್ಲದ ಮುಲಾಮು, ಡಾಕ್ಟರ್ ಅಳತೆ ಮಾಡಿ ಕೊಟ್ಟ, ಹಂತ ಹಂತವಾಗಿ ಇಳಿಸುತ್ತಾ ಹೋಗುವ ಔಷಧಿ. ಪುಟ್ಟಿಗೆ ಒಂದೆರಡು ಸಲ ಸಹನೆ ತಪ್ಪಿತು. ಒಂದು ದಿನ ಕೋಣೆಯ ಬಾಗಿಲು ಹಾಕಿಕೊಂಡು, "ಒಂದೇ ಒಂದು ಸಲ ಹಚ್ತೀನಿ, ನಾಳೆಯಿಂದ ಬಿಡ್ತೀನಿ" ಎಂದಳು. ಬ್ರೇಕಕ್ಕ ಬಾಗಿಲ ಹೊರಗೆ ನೆಲದ ಮೇಲೆ ಕೂತು, ಆ ದಿನ ಕಾರಿನಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳುತ್ತಾ ಹೋದಳು. ವೈಪರನ್ನೇ ಇಂಡಿಕೇಟರ್ ಅಂದುಕೊಂಡು ಬಿಸಿಲಲ್ಲಿ ಗಾಜು ಒರೆಸುತ್ತಾ ತಿರುಗಿದವರು, ಹಿಂದೆ ಹೋಗು ಎಂದರೆ ಕಾರಿಂದಿಳಿದು ಹಿಂದಕ್ಕೆ ನಡೆದವರು. ಕೊನೆಗೆ ಒಳಗಿಂದ ನಗು ಕೇಳಿತು, ಬಾಗಿಲು ತೆರೆಯಿತು.

ಅತ್ತೆ ಮೊದಲು ಮಗಳ ಪಕ್ಷ ವಹಿಸಿ ಸೊಸೆಯ ಮೇಲೆ ಮುನಿಸಿಕೊಂಡಿದ್ದರು. ಮಗಳ ತೊಳೆದ ಮುಖ ನೋಡಿದ ದಿನ ಬಿಳಿ ಡಬ್ಬಿಗಳನ್ನೆಲ್ಲ ತಾವೇ ಆಯ್ದು ಕಸಕ್ಕೆ ಎಸೆದರು. ಆಮೇಲೆ ಮನೆಗೆ ಅವರೇ ಡಾಕ್ಟರ್ ಆದರು. ಯಾರೇ ಹೊರಗೆ ಹೊರಟರೂ ಬಾಗಿಲಲ್ಲಿ ತಡೆದು, "ಹಚ್ಚಿದ್ದೀಯಾ? ತೋರಿಸು" ಅನ್ನುತ್ತಿದ್ದರು. ಚರ್ಮದ ಬಣ್ಣಕ್ಕೇ ಹೊಂದುವ ಸನ್‌ಸ್ಕ್ರೀನ್ ಅದು. ಬರೀ ಬಿಳಿಯದಕ್ಕಿಂತ ಬಂಗಿಗೆ ಇದು ವಾಸಿ, ಕಣ್ಣಿಗೆ ಕಾಣುವ ಬೆಳಕನ್ನೂ ತಕ್ಕಮಟ್ಟಿಗೆ ತಡೆಯುತ್ತದೆ ಎಂದು ಡಾಕ್ಟರ್ ಬರೆದುಕೊಟ್ಟಿದ್ದರು. ಚಿಟಿಕೆ ಹಚ್ಚಿದರೆ ಲೆಕ್ಕಕ್ಕಿಲ್ಲ, ಎರಡು ಬೆರಳುದ್ದ ಹಚ್ಚಬೇಕು, ಮಧ್ಯಾಹ್ನ ಮತ್ತೊಮ್ಮೆ. ಬ್ರೇಕಕ್ಕ ಅದನ್ನು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟಳು. ಆಮೇಲೆ ಡಾಕ್ಟರ್, ಬಿಸಿಲಲ್ಲಿ ನಿಂತ ಗಾಡಿ ಕಾದು ಕ್ರೀಮು ಕೆಡುತ್ತದೆ ಎಂದ ಮೇಲೆ ಕೈಚೀಲಕ್ಕೆ ಸಾಗಿಸಿದಳು. ಮಧ್ಯಾಹ್ನದ ಕ್ಲಾಸಿನವರು ಅವಳು ಹಚ್ಚಿಕೊಳ್ಳುವುದನ್ನು ಕುತೂಹಲದಿಂದ ನೋಡುತ್ತಿದ್ದರು. ಅವಳು ಮುಚ್ಚಿಡಲಿಲ್ಲ. "ಬಂಗು ಇದೆ. ಔಷಧಿ ಮಾಡ್ತಿದ್ದೀನಿ. ನೀವು ರಸ್ತೆ ನೋಡಿ."

ಮಾಲೀಕರ ಹತ್ತಿರ ಹೋಗಿ, ಬಾಗಿಲಿನ ಗಾಜಿಗೆ ಕಿರಣ ತಡೆಯುವ ಪಾರದರ್ಶಕ ಫಿಲ್ಮ್ ಹಾಕಿಸಬೇಕು, ಅದಕ್ಕೆ ಪರವಾನಗಿ ಬೇಕಿದ್ದರೆ ವಿಚಾರಿಸಬೇಕು ಎಂದಳು. ಮಾಲೀಕರು ಒಂದು ಕಾಲದಲ್ಲಿ ಲಾರಿ ಓಡಿಸಿದವರು. "ಹಾಕಿದರೂ ಕಾಣಲ್ಲ ಅಂತೀಯ. ಕಾಣದೇ ಇರೋದನ್ನ ಯಾಕಮ್ಮ ಹಾಕಿಸಬೇಕು?" ಎಂದರು.

"ನಿಮ್ಮ ಬಲಗೈ ಎಡಗೈ ಎರಡನ್ನೂ ಮೇಜಿನ ಮೇಲಿಡಿ ಸಾರ್."

ಇಟ್ಟರು. ಕಿಟಕಿಯ ಮೇಲೆ ಊರಿಕೊಂಡು ಓಡಿಸಿದ ಬಲಗೈ ಬೇರೆಯವರದ್ದೇನೋ ಅನ್ನುವಷ್ಟು ಕಪ್ಪಾಗಿ, ಚುಕ್ಕೆ ಚುಕ್ಕೆಯಾಗಿ, ಸುಕ್ಕುಗಟ್ಟಿತ್ತು. ಅವರು ಎರಡು ಕೈಯನ್ನೂ ತಿರುಗಿಸಿ ಮುರುಗಿಸಿ ನೋಡಿದರು. ಮುಂದಿನ ವಾರ ವಿಚಾರಿಸಿಕೊಂಡು ಬಂದು ಶಾಲೆಯ ಎರಡೂ ಕಾರಿಗೆ ಹಾಕಿಸಿದರು.

ತಾನು ಪಾರ್ಲರಿಗೆ ಕಳಿಸಿದ್ದ ನಾಲ್ವರ ಮನೆಗೂ ಬ್ರೇಕಕ್ಕ ಹೋಗಿಬಂದಳು. ಇಬ್ಬರು ಕೂಡಲೇ ಡಾಕ್ಟರ್ ವಿಳಾಸ ತೆಗೆದುಕೊಂಡರು. ಒಬ್ಬಳು ಹಚ್ಚುವುದನ್ನು ಆಗಲೇ ಬಿಟ್ಟಿದ್ದಳು. ಇನ್ನೊಬ್ಬಳು, "ನಿಮಗೆ ಆಗಿಬರಲಿಲ್ಲ ಅಂತ ನನಗೂ ಆಗಬಾರದಾ?" ಎಂದು ಮುಖ ತಿರುಗಿಸಿದಳು, ಅವಳು ಬಿಟ್ಟಳೋ ಇಲ್ಲವೋ ಗೊತ್ತಾಗಲಿಲ್ಲ. ಪಾರ್ಲರಿನ ಮೇಡಂ ಇನ್ನೂ ಕಷ್ಟದ ಗಿರಾಕಿ. ಪುಟ್ಟಿ ಕೆಂಪು ಮುಖದಲ್ಲೇ ಅವರೆದುರು ನಿಂತು, ಹೆಸರಿಲ್ಲದ ಡಬ್ಬಿಯನ್ನು ಇನ್ನು ಮುಂದೆ ಕೈಯಿಂದ ಮುಟ್ಟುವುದಿಲ್ಲ ಎಂದಳು. ಮೇಡಂ ರೇಗಿದರು. ಆದರೆ ಕೂದಲು ಕತ್ತರಿಸುವುದರಲ್ಲಿ ಪುಟ್ಟಿಯ ಕೈಗೆ ಸರಿಸಾಟಿ ಅಲ್ಲಿ ಯಾರೂ ಇರಲಿಲ್ಲ. ಅವಳನ್ನು ಕೆಲಸದಿಂದ ಕಳಿಸಲೂ ಆಗದೆ ಸುಮ್ಮನಾದರು. ಒಳಕೋಣೆಯ ಡಬ್ಬಿಗಳು ಮೆಲ್ಲಗೆ ಕಡಿಮೆಯಾಗುತ್ತಾ ಬಂದು, ಒಂದು ದಿನ ಕಾಣಲಿಲ್ಲ. ಅವರೂ ಡಾಕ್ಟರ್ ಹತ್ತಿರ ಹೋಗಿದ್ದರೋ ಏನೋ, ಬಾಯಿಬಿಟ್ಟು ಹೇಳಲಿಲ್ಲ.

ಚರ್ಮ ಸುಧಾರಿಸಿದ ಮೇಲೆ ಡಾಕ್ಟರ್ ಕಲೆಗೆ ಔಷಧಿ ಶುರುಮಾಡಿದರು. ಇದು ಪವಾಡದ ಕ್ರೀಮಲ್ಲ. ತಿಂಗಳುಗಟ್ಟಲೆ ಹಚ್ಚಿದರೂ ಏನೂ ಆಗಿಲ್ಲ ಅನ್ನಿಸಿ, ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಎಷ್ಟು ದೂರ ಬಂದೆವೆಂದು ಗೊತ್ತಾಗುವಂಥದ್ದು. ಹಾರ್ಮೋನ್ ಮಾತ್ರೆಯನ್ನೂ ಅದರ ಡಾಕ್ಟರ್ ಬದಲಾಯಿಸಿಕೊಟ್ಟರು. ವರ್ಷ ತುಂಬುವ ಹೊತ್ತಿಗೆ ಬ್ರೇಕಕ್ಕನ ಎಡಗೆನ್ನೆಯ ಕಲೆ ಅಂಚು ಕಳೆದುಕೊಂಡು, ಹತ್ತಿರ ಬಂದು ನೋಡಿದವರಿಗಷ್ಟೇ ಕಾಣುವ ತೆಳು ನೆರಳಾಯಿತು. ಬೇಸಿಗೆಯಲ್ಲಿ ಸ್ವಲ್ಪ ಗಾಢವಾಗುತ್ತದೆ, ಆಮೇಲೆ ಇಳಿಯುತ್ತದೆ. ಅವಳು ಅದರ ಜೊತೆ ರಾಜಿಯಾಗಿದ್ದಾಳೆ. ಆದರೆ ಕಾವಲು ಬಿಟ್ಟಿಲ್ಲ. ಪುಟ್ಟಿಯ ಮುಖ ಮಾಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಕೆಲವು ನರಗಳು ಉಳಿದೇ ಉಳಿದಿವೆ. ಅವಳು ಈಗ ಮನೆಯಲ್ಲಿ ಬಣ್ಣವಿಲ್ಲದ ಮುಖದಲ್ಲೇ ಓಡಾಡುತ್ತಾಳೆ, ಪಾರ್ಲರಿಗೆ ಬಂದವರು ಕಲೆ ತೋರಿಸಿದರೆ ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಎನ್ನುತ್ತಾಳೆ.

ಕಳೆದ ಭಾನುವಾರ ಮನೆಯ ನಾಲ್ವರೂ ಕೆರೆಯ ದಂಡೆಗೆ ಹೊರಟರು. ಶಾಲೆಯಿಂದ ಕೇಳಿ ತಂದ ಕಾರು ಓಡಿಸಿದವಳು ಪುಟ್ಟಿ. ಅತ್ತಿಗೆಯ ಹತ್ತಿರವೇ ಕಲಿತ ಅವಳಿಗೆ ಲೈಸೆನ್ಸ್ ಬಂದು ಇನ್ನೂ ತಿಂಗಳಾಗಿರಲಿಲ್ಲ. ಹೊರಡುವ ಮುಂಚೆ ಅತ್ತೆ ಮಗನನ್ನು ಹಿಡಿದು ನಿಲ್ಲಿಸಿ, ಬೇಡ ಬೇಡ ಎಂದರೂ ಬಿಡದೆ ಅವನ ಹಣೆಗೆ ಕೆನ್ನೆಗೆ ಸನ್‌ಸ್ಕ್ರೀನ್ ದಪ್ಪಗೆ ಬಳಿದಿದ್ದರು. ಹಿಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕ ಕೂತ ಅವನು ದಾರಿಯುದ್ದಕ್ಕೂ ಅವಳ ಮುಖವನ್ನು ಓರೆಗಣ್ಣಿನಿಂದ ನೋಡುತ್ತಿದ್ದ. ಕೊನೆಗೆ, "ನಿನ್ನ ಕೆನ್ನೆ ಮೇಲೆ ಏನೋ ಬದಲಾಗಿದೆಯಲ್ಲ?" ಎಂದ.

"ಈಗ ಕಾಣಿಸ್ತಾ?" ಎಂದಳು ಬ್ರೇಕಕ್ಕ.

ಮುಂದೆ ಕೂತ ಅತ್ತೆ ಬಿದ್ದು ಬಿದ್ದು ನಕ್ಕರು. ಪುಟ್ಟಿಗೂ ನಗು ತಡೆಯಲಾಗಲಿಲ್ಲ, ಆದರೆ ರಸ್ತೆಯಿಂದ ಕಣ್ಣು ಕೀಳಲಿಲ್ಲ.